ಬೆಂಡೆ ಲೋಳೆಗೊಂದು ಚಿಟಿಕೆ ಸುಣ್ಣ

ನನ್ನ ಮೂಗಿಗೂ ಕುದಿಯುವ ಕಬ್ಬಿನ ಹಾಲಿಗೂ ನಡುವೆ ಇದ್ದದ್ದು ಒಂದೇ ಗೇಣು.

ಆ ಗೇಣೂ ಕಮ್ಮಿಯಾಗುತ್ತಿತ್ತು!

ಆಲೆಮನೆಯ ಕೊಪ್ಪರಿಗೆ ನೋಡಿದ್ದೀರಲ್ಲ? ಎಮ್ಮೆಯೊಂದು ಕಾಲು ಚಾಚಿ ಮಲಗುವಷ್ಟು ಅಗಲ. ಒಳಗೆ ಹಾಲು ಕೊತಕೊತ ಅನ್ನುತ್ತಿತ್ತು. ಆವಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ನನ್ನ ಕತ್ತಿನ ಮೇಲೊಂದು ಕೈ. ಕಬ್ಬಿನ ಸೀಮೆಯ ಕಬ್ಬಿಣದ ಕೈ.

“ಯೋಳ್ಲಾ... ಯಾರ್ ಕಳ್ಸಿದ್ದು ನಿನ್ನ?”

“ಯಾರೂ ಇಲ್ಲ ಕಣಣ್ಣ. ಬೆಲ್ಲ ತಗೊಳ್ಳೋಕ್ ಬಂದೆ.”

“ಎಷ್ಟು?”

“ಅರ್ಧ ಕೇಜಿ...”

“ಅರ್ಧ ಕೇಜಿ ಬೆಲ್ಲಕ್ಕೆ ಜವರಯ್ಯನ್ ತಾವ ಅರ್ಧ ಗಂಟೆ ಗುಸುಗುಸಾನಾ? ನನ್ ಕಿವಿಗೇ ಊವ ಮಡುಗ್ತೀಯೇನ್ಲಾ?”

ಕೈ ಇನ್ನೊಂದಿಂಚು ಕೆಳಗೆ ಒತ್ತಿತು. ನನ್ನ ಹುಬ್ಬು ಸುಟ್ಟ ವಾಸನೆ ನನಗೇ ಬಂತು.

ಕೈಯ ಒಡೆಯ ಮಹದೇವು. ‘ಹಸಿರುಕಣ’ ಅನ್ನುವ ಔಷಧಿ ಕಂಪನಿಯ ಮಾಲೀಕ ರವಿಚಂದ್ರನ ಬಂಟ. ಬೆಂಡೆಯಿಂದ ಔಷಧಿ ಮಾಡುವ ಕಂಪನಿ ಅದು. ಅದಕ್ಕೇ ಇರಬೇಕು, ಅವನು ನನ್ನನ್ನು ಇಷ್ಟು ಚೆನ್ನಾಗಿ ಬೆಂಡೆತ್ತುತ್ತಿದ್ದ.

“ಅತ್ತೂವರೆಗೆ ಪೂರಿಗಾಲೀಲಿ ಕ್ಯಾಂಪು. ಅದು ಮುಗಿಯೋಗಂಟ ನೀನು ಇಲ್ಲೇ. ಬದ್ಕಿರ್ತೀಯೋ, ಬೆಂದಿರ್ತೀಯೋ... ನಿನ್ನಿಷ್ಟ!”

ಇನ್ನೊಂದು ಕೈ ನನ್ನ ಜೇಬಿನಿಂದ ಫೋನ್ ಎಳೆದು ಕೊಪ್ಪರಿಗೆಗೆ ಎಸೆಯಿತು.

ಗುಳುಂ!

ಮುಂದಿನ ಸರದಿ ನನ್ನದು.

ಆಗ ಒಂದು ಬಕೆಟ್ಟು ಗಾಳಿಯಲ್ಲಿ ತಿರುಗಿತು. ಬಕೆಟ್ಟಿನ ಹಿಂದೆ ಜವರಯ್ಯ. ಆಲೆಮನೆಯಲ್ಲಿ ನಲವತ್ತು ವರ್ಷ ಬೆಲ್ಲ ಕಾಯಿಸಿದ ಮುದುಕ. ಬಕೆಟ್ಟಿನಲ್ಲಿ ಬೆಂಡೆ ಗಿಡದ ಲೋಳೆ. ಕಬ್ಬಿನ ಹಾಲಿನ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರಲಿ ಅಂತ ಒಂದೊಂದು ಚೊಂಬು ಹಾಕುವ ಲೋಳೆ ಅದು. ಮುದುಕ ಅಷ್ಟನ್ನೂ ಒಂದೇ ಸಲ ಸುರಿದ!

ಕೊಪ್ಪರಿಗೆ ಬುಸ್ಸೆಂದು ಉಬ್ಬಿತು. ನೊರೆ ಅಂಚು ದಾಟಿ ಮಹದೇವುವಿನ ಮೊಣಕೈಗೆ ಹಾರಿತು.

“ಅವ್ವಾ...!”

ಕೈ ಬಿಟ್ಟ. ನಾನು ಹಿಂದಕ್ಕೆ ಬಿದ್ದೆ. ಕಬ್ಬಿನ ಸಿಪ್ಪೆಯ ರಾಶಿ. ನನ್ನ ಜೀವನದ ಅತಿ ಮೆತ್ತನೆಯ ಹಾಸಿಗೆ.

“ಎದ್ದೇಳೋ ಸಾಬಣ್ಣ! ನಿನ್ ಬೈಕ್ ಎಲ್ಲೈತೆ?”

“ನೀನೂ ಬತ್ತೀಯಾ ತಾತ?”

“ಇಲ್ಲೇ ಇದ್ರೆ ಅವ್ನು ನನ್ನ ಬೆಲ್ಲದ್ ಅಚ್ಚಿಗೆ ಉಯ್ತಾನೆ. ನಡಿ!”

*

ಮದ್ದೂರು ಬಿಟ್ಟು ಮಳವಳ್ಳಿ ರಸ್ತೆಗೆ ಬೈಕ್ ಏರಿಸಿದಾಗ ಒಂಬತ್ತು ಇಪ್ಪತ್ತು. ಪೂರಿಗಾಲಿಗೆ ಒಂದು ಗಂಟೆ ದಾರಿ. ಹಿಂದೆ ಜವರಯ್ಯ. ಅವನ ಹಿಂದೆ, ಅರ್ಧ ಮೈಲಿ ದೂರದಲ್ಲಿ, ಮಹದೇವುವಿನ ಬಿಳಿ ಜೀಪು.

ನಾನು ಯಾರು ಅಂತ ಹೇಳಲಿಲ್ಲ ಅಲ್ಲವೇ? ಅಶ್ಫಾಕ್. ಮದ್ದೂರಿನಲ್ಲಿ ಟೈರ್ ಅಂಗಡಿಯ ಮೇಲೆ ನನ್ನ ಆಫೀಸು. ಮದುವೆಗೆ ಮುಂಚೆ ಗಂಡಿನ ಸಾಚಾತನ, ಇನ್ಶೂರೆನ್ಸ್‌ಗೆ ಮುಂಚೆ ಹೆಣದ ಸಾಚಾತನ... ಎರಡನ್ನೂ ಪತ್ತೆ ಮಾಡಿಕೊಡುತ್ತೇನೆ. ಮಿಮಿಕ್ರಿ ನನಗೆ ಹುಟ್ಟಿನಿಂದ ಅಂಟಿದ್ದು. ಒಂದು ಸಲ ಕೇಳಿದ ದನಿ ಗಂಟಲಿನಿಂದ ಇಳಿಯುವುದಿಲ್ಲ.

ಈಗ ಇಪ್ಪತ್ತೆರಡು ದಿನದಿಂದ ಒಂದು ದನಿ ಇಳಿಯುತ್ತಲೇ ಇಲ್ಲ.

ನಾಗಶ್ರೀ.

ಮಂಡ್ಯದಲ್ಲಿ ಬಿ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ನನ್ನ ಪಕ್ಕದ ಟೇಬಲ್ಲು. ಪೂರಿಗಾಲಿಯ ಹುಡುಗಿ. ನಾನು ಪಿಪೆಟ್ಟು ಒಡೆದೆ, ಅವಳು ರ್‍ಯಾಂಕ್ ತೆಗೆದಳು. ನಾನು ಪತ್ತೇದಾರನಾದೆ, ಅವಳು ವಿಜ್ಞಾನಿಯಾದಳು. ಹಸಿರುಕಣ ಕಂಪನಿಗೆ ಕಣ ಕಟ್ಟಿಕೊಟ್ಟವಳೇ ಅವಳು.

“ನ್ಯಾನೋ ಅಂದರೇನೇ? ನಾನೋ, ನೀನೋ?” ಅಂತ ಒಮ್ಮೆ ಕೇಳಿದ್ದೆ.

“ಒಂದು ತಲೆಗೂದಲಿನ ಅಗಲಕ್ಕೆ ಐನೂರು ಕಣ ಸಾಲಾಗಿ ನಿಲ್ತವೆ ಕಣೋ. ಬೆಂಡೆ ಲೋಳೆಯಿಂದ ಅಷ್ಟು ಸಣ್ಣ ಡಬ್ಬಿ ಮಾಡ್ತೀನಿ. ಒಳಗೆ ಸಕ್ಕರೆ ಕಾಯಿಲೆಯ ಔಷಧಿ ತುಂಬ್ತೀನಿ. ಡಬ್ಬಿ ನಿಧಾನಕ್ಕೆ ಕರಗ್ತದೆ. ವಾರಕ್ಕೆ ಒಂದೇ ಮಾತ್ರೆ. ನಮ್ಮವ್ವನಂಥೋರು ಗದ್ದೆ ಕೆಲಸದ ಮಧ್ಯೆ ದಿನಾ ಮಾತ್ರೆ ಮರೆಯೋದು ತಪ್ತದೆ.”

ಅದು ಅವಳು. ಇನ್ನು ನಾನು ಮಾಡಿದ್ದನ್ನು ಕೇಳಿ.

ಒಂದು ತಿಂಗಳ ಹಿಂದೆ ರವಿಚಂದ್ರ ನನ್ನ ಆಫೀಸಿಗೆ ಬಂದ. “ನಮ್ಮ ವಿಜ್ಞಾನಿಯೊಬ್ಬಳು ಪ್ರತಿ ಶನಿವಾರ ಎಲ್ಲಿಗೋ ಮಾಯವಾಗ್ತಾಳೆ. ಗುಟ್ಟನ್ನು ಬೇರೆ ಕಂಪನಿಗೆ ಮಾರ್ತಿರಬಹುದು. ಹಿಂಬಾಲಿಸು” ಅಂದ. ಫೋಟೋ ಮುಂದಿಟ್ಟ.

ನಾಗಶ್ರೀ ಫೋಟೋ.

ಒಲ್ಲೆ ಅನ್ನಬಹುದಿತ್ತು. ಅನ್ನಲಿಲ್ಲ. ಅವಳು ಕಳ್ಳಿಯಲ್ಲ ಅಂತ ಸಾಬೀತು ಮಾಡಿದರಾಯಿತು ಅಂದುಕೊಂಡೆ. ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನಲ್ಲೇ ಕೂತೆ. ಟೋಪಿ ಹಾಕಿದ್ದೆ, ಗುರುತಿಸಲಿಲ್ಲ. ಮದ್ದೂರಿನ ಹೊರಗೆ ಆಲೆಮನೆ. ಮುದುಕನೊಬ್ಬನ ಜೊತೆ ಮಾತು. ಅಷ್ಟನ್ನೇ ರವಿಚಂದ್ರನಿಗೆ ಬರೆದುಕೊಟ್ಟೆ.

ಅದಾಗಿ ನಾಲ್ಕೇ ದಿನ!

ನಾಲ್ಕನೆಯ ದಿನ ಮುತ್ತತ್ತಿಯ ಹತ್ತಿರ ಕಾವೇರಿಯಲ್ಲಿ ಅವಳ ದೇಹ ಸಿಕ್ಕಿತು. ಈಜಲು ಇಳಿದು ಸುಳಿಗೆ ಸಿಕ್ಕಳು ಅಂದರು. ಲ್ಯಾಬಿನ ನಲ್ಲಿ ಜೋರಾಗಿ ಬಂದರೂ ಹಿಂದೆ ಸರಿಯುವವಳು ಈಜಲು ಇಳಿದಳಂತೆ!

ಅಂದಿನಿಂದ ಶುರುವಾಯಿತು. ಟೀ ಹೇಳಲು ಬಾಯಿ ತೆರೆದರೆ ಅವಳ ದನಿ. ಕನ್ನಡಿ ಮುಂದೆ ಕೆಮ್ಮಿದರೆ ಅವಳ ಕೆಮ್ಮು. ನಿದ್ದೆಯಲ್ಲಿ ಅವಳ ಹಾಗೇ ಮಾತಾಡುತ್ತೀಯ ಅಂತ ನನ್ನ ಹೆಂಡತಿ ಅಂಜುಮ್ ಹೆದರಿ ತವರಿಗೆ ಹೋದಳು. ಮಿಮಿಕ್ರಿ ಮಾಡುವವನು ನಾನೋ, ನನ್ನೊಳಗೆ ಕೂತ ಅವಳೋ... ಗೊತ್ತಾಗುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಗೋಡೆಯ ಮೇಲೊಂದು ಪೋಸ್ಟರ್ ಕಂಡಿತು. ಪೂರಿಗಾಲಿಯಲ್ಲಿ ಕ್ಯಾಂಪು. ಸಕ್ಕರೆ ಕಾಯಿಲೆಯ ನಲವತ್ತು ಜನಕ್ಕೆ ಹೊಸ ಮಾತ್ರೆ. ಮೊದಲ ಮಾತ್ರೆ ಸ್ವೀಕರಿಸುವವರು ನಾಗಶ್ರೀಯ ತಾಯಿ ದೇವಿರಮ್ಮ!

ಅದಕ್ಕೇ ನಾನು ಆಲೆಮನೆಗೆ ಓಡಿದ್ದು. ಅವಳು ಅಲ್ಲಿ ಏನು ಹುಡುಕುತ್ತಿದ್ದಳು? ಅರ್ಧ ಗಂಟೆ ಕೇಳಿದರೂ ಮುದುಕ ಬಾಯಿ ಬಿಟ್ಟಿರಲಿಲ್ಲ.

“ಈಗಾದ್ರೂ ಯೋಳು ತಾತ!” ಗಾಳಿಗೆ ಕಿರುಚಿದೆ.

“ನಿನ್ನ ನಂಬದೆಂಗ್ಲಾ? ಬಸ್ಸಲ್ಲಿ ಅವ್ಳ್ ಇಂದೆ ಇದ್ದ ಟೋಪಿಯೋನು ನೀನೇ ಅಲ್ವಾ?”

ಬೈಕ್ ಒಂದು ಕ್ಷಣ ಓಲಾಡಿತು.

“ಊಂ. ನಾನೇ.”

“ಒಪ್ಕೊಂಡಲ್ಲ. ಯೋಳ್ತೀನಿ ಕೇಳು. ಮೊದ್ಲು ಲೋಳೆ ನನ್ ತಾವ ತಗೊಂಡೋಗೋರು. ಮಾತ್ರೆ ಚೆಂದಾಗ್ ಬಂತಂತೆ. ಆಮೇಲೆ ಆ ರವಿಚಂದ್ರ ದೊಡ್ಡ ಮಿಸೀನು ತಂದ. ಸ್ಟೀಲ್ ತೊಟ್ಟಿ. ಗ್ಲೌಸು. ಪುಡಿ ಗಟ್ಟಿ ಆಗ್ತಾನೇ ಇಲ್ಲ! ಆ ಹೆಣ್ಮಗ ದಿಕ್ಕೆಟ್ಟು ನನ್ ತಾವ ಬಂದ್ಲು. ನಾಕ್ ಸನಿವಾರ ಸುಮ್ಕೆ ಕುಂತು ನನ್ ಕೈಯ್ಯೇ ನೋಡುದ್ಲು.”

“ಏನ್ ಕಾಣ್ತು?”

“ಸುಣ್ಣ!”

“ಏನು?”

“ಎಲೆಗೆ ಸುಣ್ಣ ಅಚ್ಚಿ ಅದೇ ಬೆರಳ ಲೋಳೆ ತೊಟ್ಟಿಗೆ ಅದ್ತೀನಿ ಕಣ್ಲಾ. ನಮ್ಮಪ್ಪನೂ ಅಂಗೇ ಮಾಡೋನು. ಕೊಳೆ ಚೆಂದಾಗ್ ಮ್ಯಾಲ್ ಬತ್ತದೆ. ಅದ ಯಾರ್ಗಾರ ಯೋಳ್ಬೇಕು ಅಂತ ನಂಗೇನ್ ಗೊತ್ತು? ಯಾರೂ ಕೇಳ್ನಿಲ್ಲ!”

ಕೆಮಿಸ್ಟ್ರಿಯಲ್ಲಿ ನಾನು ಮೂರು ಸಲ ಫೇಲು. ಆದರೂ ಅಷ್ಟು ತಿಳಿಯಿತು. ಸುಣ್ಣ ಲೋಳೆಯನ್ನು ಕಟ್ಟಿಹಾಕುತ್ತದೆ. ಚಿಟಿಕೆ ಸುಣ್ಣದಿಂದ ಡಬ್ಬಿಯ ಗೋಡೆ ಗಟ್ಟಿ. ಕಂಪನಿಯ ಸ್ವಚ್ಛ ತೊಟ್ಟಿಯಲ್ಲಿ ಎಲ್ಲ ಇತ್ತು, ಜವರಯ್ಯನ ಬೆರಳು ಮಾತ್ರ ಇರಲಿಲ್ಲ.

“ಅವ್ಳು ಕಳ್ಸಿದ್ದು ನನ್ ಫೋನಲ್ಲೈತೆ. ನಂಗ್ ಓದಕ್ ಬರಲ್ಲ ಅಂತ ಮಾತಲ್ಲೇ ಕಳ್ಸೋಳು.”

ಮುದುಕ ಫೋನನ್ನು ನನ್ನ ಕಿವಿಗೆ ಒತ್ತಿದ.

“ತಾತ... ನಾಗಶ್ರೀ. ಹೊಸ ಮಾತ್ರೆ ಹೊಟ್ಟೇಲಿ ಒಂದೇ ಗಂಟೇಲಿ ಒಡೆದೋಗ್ತದೆ. ವಾರದ ಔಷಧಿ ಒಟ್ಟಿಗೇ ಮೈಗೇರ್ತದೆ. ನುಂಗಿದೋರು ಉಳಿಯಲ್ಲ. ರವಿಚಂದ್ರ ಸಾರ್‌ಗೆ ಹೇಳಿದೆ, ನಿಲ್ಸಲ್ಲ ಅಂದ್ರು. ಸೋಮವಾರ ಸರ್ಕಾರಕ್ಕೆ ಬರೀತೀನಿ. ನೀನು ಹೆದರಬೇಡ...”

ಇಪ್ಪತ್ತೆರಡು ದಿನ ನನ್ನ ಗಂಟಲಲ್ಲಿದ್ದ ದನಿ ಈಗ ಹೊರಗಿನಿಂದ ಬಂತು. ಬೆನ್ನು ತಣ್ಣಗಾಯಿತು. ಬಿಸಿಲು ಸುಡುತ್ತಿತ್ತು.

ಅವಳು ಸಾಕ್ಷಿ ಕೂಡಿಸುತ್ತಿದ್ದದ್ದು ಎಲ್ಲಿ ಅಂತ ರವಿಚಂದ್ರನಿಗೆ ತೋರಿಸಿದ್ದು ನನ್ನ ಕಾಗದ. ಸೋಮವಾರ ಅವಳಿಗೆ ಬರಲೇ ಇಲ್ಲ.

*

ಕನ್ನಡಿಯಲ್ಲಿ ಜೀಪು ದೊಡ್ಡದಾಗುತ್ತಿತ್ತು. ಇನ್ನೂರು ಗಜ... ನೂರೈವತ್ತು...

ಎದುರಿಗೆ ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೈಲರ್, ರಸ್ತೆ ತುಂಬ ಜಲ್ಲೆ. ಬೈಕನ್ನು ಚರಂಡಿಯ ಅಂಚಿಗೆ ಇಳಿಸಿದೆ. ಕಬ್ಬಿನ ಸೋಗೆ ನನ್ನ ಕೆನ್ನೆ ಗೀರಿತು. ಜವರಯ್ಯ ನನ್ನ ಸೊಂಟವನ್ನು ಗಾಣಕ್ಕೆ ಕೊಟ್ಟ ಹಾಗೆ ಹಿಂಡಿದ.

ದಾಟಿದೆವು! ಜೀಪಿಗೆ ಜಾಗ ಇರಲಿಲ್ಲ. ಅದು ನಿಂತಿತು.

ಪಕ್ಕದ ಕಾಲುದಾರಿಗೆ ನುಗ್ಗಿ ಕಬ್ಬಿನ ಮರೆಯಲ್ಲಿ ಬೈಕ್ ನಿಲ್ಲಿಸಿದೆ.

“ಮಹದೇವು ನಂಬರ್ ಐತಾ ತಾತ?”

“ಯಾರಾರ ಬಂದ್ರೆ ಪೋನ್ ಮಾಡು ಅಂತ ಅವ್ನೇ ಆಕ್ಕೊಟ್ಟವ್ನೆ.”

ಗಂಟಲು ಸರಿಮಾಡಿಕೊಂಡೆ. ರವಿಚಂದ್ರನ ದನಿ ಸುಲಭ. ಅರ್ಧ ಮೂಗು, ಅರ್ಧ ಸೊಕ್ಕು.

“ಮಹದೇವು, ರವಿಚಂದ್ರ ಮಾತಾಡ್ತಿರೋದು.”

“ಬುದ್ಧಿ! ಇದು ಜವರಯ್ಯನ್ ನಂಬರು...”

“ಆ ಮುದುಕ ನಮ್ಮ ಹುಡುಗರ ಕೈಗೆ ಸಿಕ್ಕ. ಅವನ ಫೋನೇ ಇದು. ಸಾಬಿ ಬೈಕ್ ತಿರುಗಿಸಿ ಕೊಕ್ಕರೆ ಬೆಳ್ಳೂರು ಕಡೆ ಹೋಗಿದಾನೆ. ಹಿಡಿ.”

“ಈಗ್ಲೇ ಓಯ್ತೀನಿ ಬುದ್ಧಿ!”

ಜೀಪು ತಿರುಗಿ ಧೂಳೆಬ್ಬಿಸಿತು. ಜವರಯ್ಯ ನನ್ನ ಬಾಯಿಯನ್ನೇ ನೋಡುತ್ತಿದ್ದ. ಅಲ್ಲಿಂದ ಹಾವು ಹೊರಬಂತೇನೋ ಅನ್ನುವ ಹಾಗೆ.

ಅದೇ ಫೋನಿನಲ್ಲಿ ನೂರೆಂಟಕ್ಕೆ ಕರೆ ಮಾಡಿ ಪೂರಿಗಾಲಿಗೆ ಆಂಬುಲೆನ್ಸ್ ಹೇಳಿದೆ. ದೇವಿರಮ್ಮನ ನಂಬರು? ಕೊಪ್ಪರಿಗೆಯಲ್ಲಿ ಬೆಲ್ಲವಾಗುತ್ತಿತ್ತು.

*

ಪೂರಿಗಾಲಿ ತಲುಪಿದಾಗ ಹತ್ತು ಇಪ್ಪತ್ತೈದು. ಇನ್ನೂ ಐದು ನಿಮಿಷ ಇದೆ ಅಂತ ಉಸಿರು ಬಿಟ್ಟೆ.

ತಪ್ಪು!

ಆ ದಿನ ಶುಕ್ರವಾರ. ಹತ್ತೂವರೆಗೆ ರಾಹುಕಾಲ. ಕೂದಲಿನ ಐನೂರನೇ ಒಂದು ಪಾಲಿನಷ್ಟು ಸಣ್ಣ ಕಣದ ಮೇಲೆ ಕಂಪನಿ ಕಟ್ಟಿದ ಮಹಾಶಯ ರಾಹುವಿಗೆ ಹೆದರಿ ಮುಹೂರ್ತವನ್ನು ಒಂಬತ್ತೂವರೆಗೆ ಹಿಂದೂಡಿದ್ದ!

ದೇವಿರಮ್ಮ ಮಾತ್ರೆ ನುಂಗಿ ಐವತ್ತೈದು ನಿಮಿಷವಾಗಿತ್ತು.

ಉಳಿದವರು ಇನ್ನೂ ನುಂಗಿರಲಿಲ್ಲ. ಭಾಷಣ ನಡೆಯುತ್ತಿತ್ತು. ಭಾಷಣದಿಂದ ಮೂವತ್ತೊಂಬತ್ತು ಜೀವ ಉಳಿದದ್ದನ್ನು ನಾನು ಮೊದಲ ಸಲ ಕಂಡದ್ದು. ಮಾತ್ರೆಗಳು ಪೇಪರ್ ತಟ್ಟೆಯಲ್ಲಿದ್ದವು. ತಟ್ಟೆಯನ್ನು ಎತ್ತಿ ಚರಂಡಿಗೆ ಸುರಿದೆ.

“ಏಯ್ ಅಶ್ಫಾಕ್! ಏನ್ ಮಾಡ್ತಿದೀಯ?” ರವಿಚಂದ್ರನ ಮುಖದ ಬಣ್ಣ ಇಳಿಯಿತು.

“ಗಂಟಲು ಕಟ್ಟಿದೆ ಸಾರ್. ಮೈಕ್ ಕೊಡಿ.”

ಕೊಡಲಿಲ್ಲ. ಕಿತ್ತುಕೊಂಡೆ. ಜವರಯ್ಯ ಫೋನನ್ನು ಮೈಕಿಗೆ ಹಿಡಿದ.

“ತಾತ... ನಾಗಶ್ರೀ...”

ಪೆಂಡಾಲಿನ ಗದ್ದಲ ನಿಂತಿತು. ತೀರಿಹೋದ ಊರಮಗಳು ಲೌಡ್‌ಸ್ಪೀಕರಿನಲ್ಲಿ ಮಾತಾಡುತ್ತಿದ್ದಳು. ಸೋಮಮ್ಮ ಅನ್ನುವ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. “ನುಂಗಿದೋರು ಉಳಿಯಲ್ಲ” ಅಂದಾಗ ಎಲ್ಲರ ಕಣ್ಣೂ ಮುಂದಿನ ಸಾಲಿಗೆ ತಿರುಗಿದವು.

“ಸುಳ್ಳು! ಮಿಮಿಕ್ರಿ ಇದು! ಇವನು ಮಿಮಿಕ್ರಿ ಮಾಡೋನು!” ರವಿಚಂದ್ರ ಕೂಗಿದ. “ಎಲೆ ಅಡಿಕೆ ಸುಣ್ಣ ಹಾಕ್ಬೇಕಿತ್ತಂತೆ! ಬೆರಳು ಅದ್ದೋದಕ್ಕೆ ಪೇಟೆಂಟ್ ತಗೊಳ್ಲಾ ನಾನು?”

ಸುಣ್ಣದ ಮಾತನ್ನು ನಾವ್ಯಾರೂ ಎತ್ತಿರಲಿಲ್ಲ.

ಕಂಪನಿಯ ಕಾರಿನ ಮುಂದೆ ಪೂರಿಗಾಲಿಯ ಗಂಡಸರು ಸುಮ್ಮನೆ ಕೂತರು. ಯಾರೂ ಕೈ ಎತ್ತಲಿಲ್ಲ. ಏಳಲೂ ಇಲ್ಲ.

ನಾನು ದೇವಿರಮ್ಮನ ಕಡೆ ಓಡಿದೆ.

ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಮಡಿಲಲ್ಲಿ ಮಗಳ ಫೋಟೋ. ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ಕೈ ನಡುಗುತ್ತಿತ್ತು. ಕಣ್ಣು ಎಲ್ಲೋ ಇತ್ತು. ಮೈಯ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು.

“ಬೆಲ್ಲ ತನ್ನಿ! ಬೆಲ್ಲ!”

ಸೋಮಮ್ಮ ಓಡಿ ಬೆಲ್ಲದ ಅಚ್ಚು ತಂದಳು. ನೀರಿನಲ್ಲಿ ಕದಡಿ ಲೋಟವನ್ನು ತುಟಿಗೆ ಹಿಡಿದೆ. ದೇವಿರಮ್ಮ ಮುಖ ತಿರುಗಿಸಿದಳು.

“ಬ್ಯಾಡ... ಸಕ್ರೆ ಕಾಯ್ಲೆ ನಂಗೆ. ಬೆಲ್ಲ ಮುಟ್ಟಬ್ಯಾಡ ಅಂದವ್ಳೆ ನನ್ ಮಗಳು.”

“ಅಮ್ಮ, ಕುಡೀರಿ. ಇಲ್ದಿದ್ರೆ ಸತ್ತೋಗ್ತೀರ!”

“ಬುಡು... ಯಾವನ್ಲಾ ನೀನು? ನನ್ ಮಗಳ ಮಾತ ಮೀರಲ್ಲ ನಾನು. ಎಂಟು ವರ್ಸ ಆಯ್ತು... ಒಂದ್ ತುಣುಕು ಬಾಯ್ಗ್ ಆಕಿಲ್ಲ...”

ಹಲ್ಲು ಕಚ್ಚಿಕೊಂಡಳು. ಲೋಟ ಬಡಿದು ಅರ್ಧ ಚೆಲ್ಲಿತು. ರೆಪ್ಪೆ ಮುಚ್ಚತೊಡಗಿತು. ಪೂರ್ತಿ ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕುವಂತಿಲ್ಲ. ಆಂಬುಲೆನ್ಸ್ ಇನ್ನೂ ಎಲ್ಲೋ ದಾರಿಯಲ್ಲಿ.

ಅವಳು ಕೇಳುವುದು ಒಬ್ಬಳ ಮಾತನ್ನು. ಆ ಒಬ್ಬಳು ಕಾವೇರಿ ಪಾಲಾಗಿದ್ದಳು.

ನನಗೆ ಬೇಕಿರಲಿಲ್ಲ. ನಿಜ ಹೇಳುತ್ತೇನೆ, ಇಪ್ಪತ್ತೆರಡು ದಿನ ಆ ದನಿಯನ್ನು ಹೊರಗೆ ಬಿಡಬಾರದು ಅಂತ ಹಲ್ಲು ಕಚ್ಚಿದ್ದೆ. ಯಾರ ಸಾವಿಗೆ ದಾರಿ ತೋರಿಸಿದೆನೋ ಅವಳ ದನಿಯನ್ನೇ ಕದಿಯುವುದಾ? ಅದೂ ಅವಳ ತಾಯಿಯ ಎದುರಿಗೆ?

ಬಗ್ಗಿದೆ. ದೇವಿರಮ್ಮನ ಕಿವಿಯ ಹತ್ತಿರ. ಬಾಯಿ ತೆರೆದೆ.

“ಅವ್ವ... ನಾನು ಕಣವ್ವ. ಇವತ್ತೊಂದಿನ ತಿನ್ನು. ನಾನೇ ಹೇಳ್ತಿದೀನಿ.”

ನಾನು ಪ್ರಯತ್ನ ಪಡಲಿಲ್ಲ. ಅದು ತಾನಾಗಿಯೇ ಬಂತು. ಜವರಯ್ಯ ಎರಡು ಹೆಜ್ಜೆ ಹಿಂದೆ ಸರಿದ.

ದೇವಿರಮ್ಮನ ರೆಪ್ಪೆ ನಿಂತಿತು. ಹಲ್ಲು ಸಡಿಲವಾಯಿತು. ಕುಡಿದಳು. ಒಂದು ಲೋಟ. ಇನ್ನೊಂದು. ಆಂಬುಲೆನ್ಸ್ ಬರುವವರೆಗೂ ನಾನು ಆ ದನಿಯಲ್ಲೇ ಮಾತಾಡಿದೆ. ನಿಲ್ಲಿಸಿದರೆ ಅವಳು ನಿಲ್ಲಿಸುತ್ತಾಳೆ ಅನ್ನುವ ಭಯ. ಏನು ಮಾತಾಡಿದೆನೋ ನೆನಪಿಲ್ಲ. ಲ್ಯಾಬು, ಬಸ್ಸು, ಹಾಳುಮೂಳು. ಸುತ್ತ ನಿಂತ ಊರಿಗೆ ಊರೇ ಬಿಕ್ಕುತ್ತಿತ್ತು. ನನ್ನ ಕಡೆ ಮಾತ್ರ ಯಾರೂ ನೋಡಲಿಲ್ಲ.

*

ಮಹದೇವು ಸಿಕ್ಕ ಕತೆ ನಿಮಗೆ ಗೊತ್ತು. ಕೊಕ್ಕರೆ ಬೆಳ್ಳೂರಿನ ಹುಣಸೆ ಮರದ ಕೆಳಗೆ ಜೀಪು ನಿಲ್ಲಿಸಿ, ನನ್ನನ್ನು ಹೆದರಿಸಲು ಹಾರ್ನ್ ಮೇಲೆ ಹಾರ್ನ್ ಹೊಡೆದನಂತೆ. ಮೇಲೆ ಗೂಡಿನಲ್ಲಿ ಮರಿ. ಆ ಊರಿನವರಿಗೆ ಆ ಕೊಕ್ಕರೆಗಳು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳ ಹಾಗೆ. ಜೀಪಿನ ಕೀ ಕಿತ್ತು ಅವನನ್ನು ಕಂಬಕ್ಕೆ ಕಟ್ಟಿದರು. ನಿಮ್ಮವರು ಹೋಗಿ ಬಿಡಿಸಿದಾಗ ಅವನ ತಲೆ, ಹೆಗಲು, ಮೀಸೆ... ಎಲ್ಲ ಬಿಳಿ. ಆಲೆಮನೆಗಿಂತ ಚೆನ್ನಾಗಿ ಸುಣ್ಣ ಬಳಿದಿದ್ದವು ಹಕ್ಕಿಗಳು. ಬುದ್ಧಿ ಹೇಳಿದ್ದಕ್ಕೆ ಮುತ್ತತ್ತಿಯಲ್ಲಿ ನಾಗಶ್ರೀಯನ್ನು ಹೆದರಿಸಲು ಹೋಗಿದ್ದೆ, ಕೈ ಜಾರಿತು ಅಂತ ಅಲ್ಲೇ ಬಾಯಿಬಿಟ್ಟನಂತೆ.

ಎರಡು ದಿನ ಬಿಟ್ಟು ಮಂಡ್ಯದ ಆಸ್ಪತ್ರೆಗೆ ಹೋದೆ. ದೇವಿರಮ್ಮ ದಿಂಬಿಗೆ ಒರಗಿ ಕೂತಿದ್ದಳು. ಕೈಗೆ ಗ್ಲೂಕೋಸ್ ಸೂಜಿ. ಕಣ್ಣು ಬೆಂಕಿ.

“ನೀನೇ ಅಲ್ವಾ ಆ ದನೀಲಿ ಮಾತಾಡಿದ್ದು?”

ಹೌದು ಅಂತ ತಲೆಯಾಡಿಸಿದೆ.

“ನನ್ ಮಗಳು ನನ್ನ ಒಂದಿನಾನೂ ಅವ್ವ ಅಂತ ಕರ್ದಿಲ್ಲ ಕಣ್ಲಾ. ‘ಏ ದೇವಿರಿ’ ಅಂತಿದ್ಲು. ಊರೋರ್ ಮುಂದೆ ಮಾತ್ರ ‘ನಮ್ಮವ್ವ’.”

“ಮತ್ತೆ... ಗೊತ್ತಿದ್ದೂ ಕುಡುದ್ರಾ?”

“ದನಿ ಅವ್ಳುದೇ ಇತ್ತಲ್ಲ. ಇನ್ನೊಂದ್ ಗಳಿಗೆ ಕೇಳನ ಅನ್ನಿಸ್ತು. ಸತ್ರೆ ಕೇಳಾಕಾಯ್ತದಾ?”

ಕಿಟಕಿಯ ಕಡೆ ತಿರುಗಿದಳು.

“ಜವರಯ್ಯ ಎಲ್ಲಾನೂ ಯೋಳ್ದ. ಬಸ್ಸು. ಟೋಪಿ.”

“ಅಮ್ಮ, ನನಗೆ...”

“ಅಳಬ್ಯಾಡ. ನಂಗ್ ನೋಡಕಾಗಲ್ಲ. ಅವ್ನು ನೂಕ್ದ. ಇನ್ನೊಬ್ಬ ನೂಕ್ಸ್ದ. ನೀನು ದಾರಿ ತೋರುಸ್ದೆ. ಓಗಿ ಮೂರೂ ಎಸ್ರು ಬರ್ಸು. ಒಂದ್ ಕಮ್ಮಿ ಆದ್ರೂ ನಂಗೊತ್ತಾಯ್ತದೆ.”

ಅದಕ್ಕೇ ಬಂದಿದ್ದೇನೆ ಇನ್ಸ್‌ಪೆಕ್ಟರ್ ಸಾರ್. ಒಂದೂವರೆ ಗಂಟೆ ತಾಳ್ಮೆಯಿಂದ ಕೇಳಿದಿರಿ. ಮಧ್ಯೆ ನಕ್ಕಿರಿ ಕೂಡ. ಪೆನ್ನು ತಗೊಳ್ಳಿ. ಆರೋಪಿ ನಂಬರ್ ಒಂದು, ರವಿಚಂದ್ರ. ನಂಬರ್ ಎರಡು, ಮಹದೇವು.

ಮೂರನೆಯವನಿಗೆ ಜೀಪು ಕಳಿಸಬೇಡಿ... ಅವನು ನಿಮ್ಮ ಎದುರಿಗೇ ಕೂತು, ನೀವೇ ತರಿಸಿಕೊಟ್ಟ ಟೀ ಕುಡಿಯುತ್ತಿದ್ದಾನೆ.